ಮೊದಲು ಮದ್ದು, ಆಮೇಲೆ ತಪಾಸಣೆ

1840ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಯಾಮ್ಯುಯೆಲ್ ಲೇನ್ ಹನ್ನೊಂದು ವರ್ಷದ ಹುಡುಗನೊಬ್ಬನ ಮೆಳ್ಳೆಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಗಾಯ ಚಿಕ್ಕದು. ಆದರೆ ರಕ್ತ ನಿಲ್ಲಲಿಲ್ಲ. ಒತ್ತಿ ಹಿಡಿದರು, ಪಟ್ಟಿ ಕಟ್ಟಿದರು. ದಿನಗಳುರುಳಿದರೂ ಒಸರುವುದು ಒಸರುತ್ತಲೇ ಇತ್ತು. ಹುಡುಗ ಸಾವಿನಂಚಿಗೆ ಬಂದಾಗ ಲೇನ್ ಆ ಕಾಲಕ್ಕೆ ದೊಡ್ಡ ಸಾಹಸವೇ ಆಗಿದ್ದ ಕೆಲಸಕ್ಕೆ ಕೈಹಾಕಿದರು. ಆರೋಗ್ಯವಂತ ಯುವತಿಯೊಬ್ಬಳ ರಕ್ತವನ್ನು ತೆಗೆದು ಪಿಚಕಾರಿಯ ಮೂಲಕ ಹುಡುಗನ ರಕ್ತನಾಳಕ್ಕೆ ಹರಿಸಿದರು. ಹುಡುಗ ಚೇತರಿಸಿಕೊಂಡ. ರಕ್ತದ ಗುಂಪುಗಳು ಗೊತ್ತಾದದ್ದು 1901ರಲ್ಲಿ. ಅಂದರೆ ಆ ರಕ್ತ ಹೊಂದಿಕೆಯಾದದ್ದು ಬರೀ ಅದೃಷ್ಟ. ರಕ್ತ ಕೊಟ್ಟಾಗ ಸ್ರಾವ ಏಕೆ ನಿಂತಿತೆಂಬುದಕ್ಕೆ ಉತ್ತರ ಸಿಗಲು ಆ ಘಟನೆಯಿಂದ ಸುಮಾರು ನೂರು ವರ್ಷ ಬೇಕಾಯಿತು.

ಹುಡುಗನಿಗಿದ್ದದ್ದು ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮ ರೋಗ. ರಕ್ತ ಹೆಪ್ಪುಗಟ್ಟಲು ಒಂದರ ಹಿಂದೊಂದು ಕೆಲಸ ಮಾಡುವ ಪ್ರೋಟೀನುಗಳ ಸರಪಳಿಯೇ ಬೇಕು. ಅದರಲ್ಲಿ ಎಂಟನೆಯ ಫ್ಯಾಕ್ಟರ್ ಇಲ್ಲದಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಇಲ್ಲದಿದ್ದರೆ ಹಿಮೋಫಿಲಿಯಾ ಬಿ. ಎರಡರ ವಂಶವಾಹಿಯೂ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಸಾಮಾನ್ಯವಾಗಿ ತಾಯಿ ವಾಹಕಳಾಗುತ್ತಾಳೆ, ಮಗ ರೋಗಿಯಾಗುತ್ತಾನೆ. ಸುಮಾರು 5,000 ಗಂಡು ಶಿಶುಗಳಲ್ಲಿ ಒಬ್ಬನಿಗೆ ಎ ಬಗೆಯ ರೋಗವಿರುತ್ತದೆ. ಬಿ ಇನ್ನೂ ವಿರಳ. ತರಚು ಗಾಯದಿಂದ ರಕ್ತ ಸೋರಿಹೋಗುತ್ತದೆಂಬುದು ಜನರ ಭಯ. ನಿಜವಾದ ಅಪಾಯವಿರುವುದು ಒಳಗಿನ ಸ್ರಾವದಲ್ಲಿ. ಮಂಡಿ, ಮೊಣಕೈ, ಹರಡಿನ ಕೀಲುಗಳಲ್ಲಿ ಮತ್ತೆ ಮತ್ತೆ ರಕ್ತ ತುಂಬಿದರೆ ಮೂಳೆಯ ತುದಿಯ ಮೃದ್ವಸ್ಥಿ ಸವೆದು ಮಗು ಕುಂಟುತ್ತದೆ. ಗಂಟಲಲ್ಲೋ ತಲೆಯೊಳಗೋ ಸ್ರಾವವಾದರೆ ಉಳಿಯುವುದು ಕೆಲವೇ ಗಂಟೆಗಳ ಅವಕಾಶ.

ಮದ್ದು ಕಂಡುಹಿಡಿಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅದನ್ನು ಹೊತ್ತಿಗೆ ಸರಿಯಾಗಿ ಮಗುವಿಗೆ ತಲುಪಿಸುವುದನ್ನು ಕಲಿಯಲು ಮತ್ತಷ್ಟು ದಶಕಗಳು ಬೇಕಾದವು. ಆ ಕಲಿಕೆಯಲ್ಲಿ ಎಷ್ಟೋ ಸಲ ವೈದ್ಯರಿಗಿಂತ ಒಂದು ಹೆಜ್ಜೆ ಮುಂದಿದ್ದವರು ತಂದೆತಾಯಿಗಳು.

ಮನೆಯವರ ತಿಳಿವಳಿಕೆಗೆ ಬೆಲೆ ಕೊಟ್ಟ ಹಳೆಯ ಉದಾಹರಣೆ ಯಹೂದಿಗಳ ತಾಲ್ಮುಡ್ ಗ್ರಂಥದಲ್ಲೇ ಇದೆ. ಸುನ್ನತಿಯ ಗಾಯದಿಂದ ಇಬ್ಬರು ಮಕ್ಕಳು ಸತ್ತಿದ್ದರೆ ಮೂರನೆಯವನಿಗೆ ಸುನ್ನತಿ ಬೇಡವೆಂದು ಎರಡನೆಯ ಶತಮಾನದ ಧರ್ಮಗುರುಗಳು ವಿಧಿಸಿದ್ದರು. ತಾಯಿಯ ಅಕ್ಕತಂಗಿಯರ ಮಕ್ಕಳು ಹಾಗೆ ಸತ್ತ ಸಂಗತಿಯೂ ಅಲ್ಲಿ ಚರ್ಚೆಗೆ ಬರುತ್ತದೆ. ಹತ್ತನೆಯ ಶತಮಾನದ ಹೊತ್ತಿಗೆ ಸ್ಪೇನಿನಲ್ಲಿದ್ದ ಅರಬ್ ಶಸ್ತ್ರವೈದ್ಯ ಅಲ್-ಝಹ್ರಾವಿ, ಗಾಯವಾದರೆ ರಕ್ತ ಸುರಿದೇ ಸಾಯುತ್ತಿದ್ದ ಗಂಡಸರ ಹಳ್ಳಿಯೊಂದರ ವಿಚಾರ ಬರೆದರು. 1803ರಲ್ಲಿ ಫಿಲಡೆಲ್ಫಿಯಾದ ಜಾನ್ ಕಾನ್ರಾಡ್ ಆಟೋ, ರೋಗ ಗಂಡುಮಕ್ಕಳನ್ನು ಕಾಡುತ್ತದೆ, ಹೆಣ್ಣುಮಕ್ಕಳ ಮೂಲಕ ಮುಂದಿನ ಪೀಳಿಗೆಗೆ ಸಾಗುತ್ತದೆ ಎಂದು ಒಂದು ಕುಟುಂಬದ ಕಥೆಯಿಂದ ತೋರಿಸಿದರು. ಕಾರಣ ಹೊಳೆಯುತ್ತಿತ್ತು, ಕೈಯಲ್ಲಿ ಮದ್ದಿರಲಿಲ್ಲ. ಸ್ವೀಡನ್ನಿನ ದಾಖಲೆಗಳ ಪ್ರಕಾರ 1831ರಿಂದ 1920ರವರೆಗೆ ತೀವ್ರ ಹಿಮೋಫಿಲಿಯಾ ಇದ್ದವರ ಸರಾಸರಿ ಆಯುಸ್ಸು ಸುಮಾರು 11 ವರ್ಷ.

ಮೊದಲ ಮದ್ದುಗಳಲ್ಲಿ ಒಂದು ಬಂದದ್ದು ಕನ್ನಡ ನಾಡಿನ ರೈತರು ಗದ್ದೆ ಬದುವಿನಲ್ಲಿ ಕಂಡರೆ ಬೆಚ್ಚಿಬೀಳುವ ಹಾವಿನಿಂದ. ಕೊಳಕುಮಂಡಲದ ವಿಷ ಮೈಗೇರಿದರೆ ರಕ್ತದ ಹೆಪ್ಪುಗಟ್ಟುವ ವ್ಯವಸ್ಥೆಯೇ ಬುಡಮೇಲಾಗುತ್ತದೆ. ಅದೇ ವಿಷವನ್ನು ಅತಿಯಾಗಿ ತೆಳುವಾಗಿಸಿ ಗಾಯದ ಮೇಲೆ ಒತ್ತಿದರೆ ರಕ್ತ ಗಟ್ಟಿಯಾಗುತ್ತದೆ. ಲಂಡನ್ನಿನ ಯುವ ವೈದ್ಯ ಗ್ವಿನ್ ಮ್ಯಾಕ್‌ಫರ್ಲೇನ್ ಮತ್ತು ಅಲ್ಲಿನ ಮೃಗಾಲಯದಲ್ಲಿ ಸರೀಸೃಪಗಳ ಉಸ್ತುವಾರಿ ಹೊತ್ತಿದ್ದ ಬರ್ಜೆಸ್ ಬಾರ್ನೆಟ್ 1934ರಲ್ಲಿ ಇದನ್ನು ಪ್ರಕಟಿಸಿದರು. ಹತ್ತು ಸಾವಿರದಲ್ಲಿ ಒಂದು ಪಾಲು ವಿಷವಿದ್ದ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಹಲ್ಲು ಕಿತ್ತ ಜಾಗಕ್ಕೆ ತುರುಕಿದಾಗ ಹಿಮೋಫಿಲಿಯಾ ಇದ್ದವರಲ್ಲೂ ಸ್ರಾವ ನಿಂತಿತು. ಆ ವಿಷ ಸರಪಳಿಯ ಎಂಟನೆಯ ಮತ್ತು ಒಂಬತ್ತನೆಯ ಕೊಂಡಿಗಳನ್ನು ದಾಟಿ ನೇರವಾಗಿ ಹತ್ತನೆಯ ಫ್ಯಾಕ್ಟರನ್ನೇ ಚುರುಕುಗೊಳಿಸುತ್ತದೆ ಎಂಬುದು ತಿಳಿದದ್ದು ಬಹಳ ತಡವಾಗಿ. ‘ಸ್ಟಿಪ್ವೆನ್’ ಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು. ಆದರೆ ಕಣ್ಣಿಗೆ ಕಾಣುವ ಗಾಯಕ್ಕಷ್ಟೇ ಅದರ ಉಪಯೋಗ. ಮಂಡಿಯೊಳಗಿನ, ಮಿದುಳಿನೊಳಗಿನ ರಕ್ತಕ್ಕೆ ಬಟ್ಟೆ ಒತ್ತುವುದೆಲ್ಲಿಂದ?

1937ರಲ್ಲಿ ಹಾರ್ವರ್ಡಿನ ಪಾಟೆಕ್ ಮತ್ತು ಟೇಲರ್, ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿರುವ ಒಂದು ಅಂಶ ಈ ರೋಗಿಗಳ ರಕ್ತವನ್ನು ಹೆಪ್ಪುಗಟ್ಟಿಸುತ್ತದೆಂದು ತೋರಿಸಿದರು. ಲೇನ್ ಅವರ ರೋಗಿ ಬದುಕಿದ್ದು ಏಕೆಂಬುದಕ್ಕೆ ಅಲ್ಲಿ ಉತ್ತರ ಸಿಕ್ಕಿತು. 1952ರಲ್ಲಿ, ಆಗ ಆಕ್ಸ್‌ಫರ್ಡಿನಲ್ಲಿದ್ದ ಮ್ಯಾಕ್‌ಫರ್ಲೇನ್ ಮತ್ತು ರೋಸ್‌ಮೇರಿ ಬಿಗ್ಸ್ ಅವರ ತಂಡ, ಒಂದೇ ಎಂದುಕೊಂಡಿದ್ದ ರೋಗ ಎರಡು ಬಗೆಯದೆಂದು ಸಾಬೀತುಪಡಿಸಿತು. ಎರಡನೆಯ ಬಗೆಗೆ ಸ್ಟೀಫನ್ ಕ್ರಿಸ್ಮಸ್ ಎಂಬ ಐದು ವರ್ಷದ ಬಾಲಕನ ಹೆಸರೇ ನಿಂತಿತು.

ಮದ್ದು ಪ್ಲಾಸ್ಮಾದಲ್ಲಿದೆ ಎಂದು ಗೊತ್ತಾದ ಮೇಲೂ ಮಕ್ಕಳು ಸಾಯುತ್ತಿದ್ದರು. ಏಕೆಂಬುದು ಒಂದು ಸಣ್ಣ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು ಒಂದು ಯೂನಿಟ್ ಫ್ಯಾಕ್ಟರ್ ಇರುತ್ತದೆ. 20 ಕಿಲೋ ತೂಕದ ಮಗುವಿನ ತಲೆಗೆ ಪೆಟ್ಟು ಬಿದ್ದಾಗ ಎಂಟನೆಯ ಫ್ಯಾಕ್ಟರನ್ನು ಪೂರ್ಣ ಮಟ್ಟಕ್ಕೇರಿಸಲು ಸುಮಾರು 1,000 ಯೂನಿಟ್ ಬೇಕು. ಅಂದರೆ ಒಂದು ಲೀಟರ್ ಪ್ಲಾಸ್ಮಾ. ಅಷ್ಟು ಚಿಕ್ಕ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂವರೆ ಲೀಟರ್. ಅದರ ಮೇಲೆ ಒಂದು ಲೀಟರ್ ಸುರಿದರೆ ಹೃದಯ, ಶ್ವಾಸಕೋಶ ತಡೆಯುವುದಿಲ್ಲ. ನಿಧಾನವಾಗಿ ಹನಿಸಿದರೆ ಹೊತ್ತು ಮೀರುತ್ತದೆ. ಕೊಟ್ಟ ಫ್ಯಾಕ್ಟರಿನಲ್ಲಿ ಅರ್ಧ ಎಂಟರಿಂದ ಹನ್ನೆರಡು ಗಂಟೆಯೊಳಗೆ ಕರಗಿಹೋಗಿರುತ್ತದೆ. ಆಕ್ಸ್‌ಫರ್ಡಿನ ಎಥೆಲ್ ಬಿಡ್ವೆಲ್ ದನ ಮತ್ತು ಹಂದಿಯ ರಕ್ತದಿಂದ ಪ್ರಬಲವಾದ ಫ್ಯಾಕ್ಟರ್ ತೆಗೆದರು. ಆದರೆ ರೋಗಿಯ ದೇಹ ಬೇಗನೆ ಅದರ ವಿರುದ್ಧ ತಿರುಗಿಬೀಳುತ್ತಿದ್ದುದರಿಂದ ಪ್ರಾಣಾಪಾಯದ ಗಳಿಗೆಗೆಂದೇ ಅದನ್ನು ಕಾದಿರಿಸಬೇಕಾಗಿತ್ತು.

ಬಾಗಿಲು ತೆರೆದವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಜುಡಿತ್ ಗ್ರಹಾಂ ಪೂಲ್. ಮಂಜುಗಡ್ಡೆಯಾಗಿಸಿಟ್ಟ ಪ್ಲಾಸ್ಮಾವನ್ನು ತಣ್ಣಗಿನ ಜಾಗದಲ್ಲಿ ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಬಿಳಿಯ ಗಸಿಯೊಂದು ಉಳಿಯುತ್ತಿತ್ತು. ಎಂಟನೆಯ ಫ್ಯಾಕ್ಟರಿನ ಹೆಚ್ಚಿನ ಪಾಲು ಆ ಗಸಿಯಲ್ಲೇ ಇದೆಯೆಂದು ಅವರು 1964ರಲ್ಲಿ ಪ್ರಕಟಿಸಿದರು. ಮರುವರ್ಷ, ಯಾವುದೇ ಸಾಮಾನ್ಯ ಬ್ಲಡ್ ಬ್ಯಾಂಕಿನಲ್ಲಿ ಚೀಲ ಬಿಚ್ಚದೆಯೇ ಅದನ್ನು ತಯಾರಿಸುವ ವಿಧಾನವೂ ಬಂತು. ‘ಕ್ರಯೋ’ ಎಂದು ಇಂದಿಗೂ ಆಸ್ಪತ್ರೆಗಳಲ್ಲಿ ಕೇಳಿಬರುವ ಮದ್ದು ಇದೇ. ಒಂದು ಚೀಲ ಪ್ಲಾಸ್ಮಾದ ಬಲ ಕೆಲವು ಚಮಚ ದ್ರವಕ್ಕೆ ಇಳಿಯಿತು. ದಶಕ ಮುಗಿಯುವ ಹೊತ್ತಿಗೆ ಪುಡಿಯ ರೂಪದ ಫ್ಯಾಕ್ಟರ್ ಸಣ್ಣ ಬಾಟಲಿಯಲ್ಲಿ ಸಿಗತೊಡಗಿತು. ನೀರು ಬೆರೆಸಿ ಸಿರಿಂಜಿಗೆಳೆದುಕೊಂಡರೆ ಮುಗಿಯಿತು.

ಬಾಟಲಿ ಫ್ರಿಜ್ಜಿನಲ್ಲಿ ಕೂರುವಷ್ಟು ಚಿಕ್ಕದಾದಾಗ ಹೊಸ ಪ್ರಶ್ನೆ ಎದ್ದಿತು: ಆ ಫ್ರಿಜ್ ಆಸ್ಪತ್ರೆಯಲ್ಲೇ ಏಕಿರಬೇಕು? ಕೀಲಿನಲ್ಲಿ ರಕ್ತ ಒಸರಲು ಶುರುವಾದಾಗ ಊತ ಕಾಣುವ ಮೊದಲೇ ಮಗುವಿಗೆ ಅಲ್ಲಿ ಜುಮ್ಮೆನ್ನುತ್ತದೆ, ಬಿಸಿಯೆನಿಸುತ್ತದೆ. “ಅಮ್ಮಾ, ಇಲ್ಲಿ ಶುರುವಾಯ್ತು” ಎಂದು ಮಗು ಹೇಳಿದ ಗಳಿಗೆಯೇ ಮದ್ದಿನ ಗಳಿಗೆ. ಕ್ಯಾಶುವಾಲ್ಟಿಗೆ ಹೋದರೆ ಅಲ್ಲಿನ ವೈದ್ಯರು ಮಂಡಿ ನೋಡುತ್ತಾರೆ, ಊತವಿಲ್ಲ, ಎಕ್ಸ್‌ರೇ ತೆಗೆಸುತ್ತಾರೆ, ಏನೂ ಇಲ್ಲ, ಕಾಯಿರಿ ಎನ್ನುತ್ತಾರೆ. ಊತ ಕಾಣುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಅಮೆರಿಕದ ಲೇಖಕ ರಾಬರ್ಟ್ ಮ್ಯಾಸಿ ಮತ್ತು ಪತ್ನಿ ಸುಝಾನ್ ತಮ್ಮ ಮಗನೊಂದಿಗೆ ಇದನ್ನೆಲ್ಲ ಉಂಡವರು. ರಷ್ಯಾದ ಕೊನೆಯ ತ್ಸಾರ್ ಕುಟುಂಬದ ಕುರಿತ ಮ್ಯಾಸಿಯವರ ಹೆಸರಾಂತ ಕೃತಿ, 1967ರ ‘ನಿಕೊಲಸ್ ಅಂಡ್ ಅಲೆಕ್ಸಾಂಡ್ರಾ’, ಹುಟ್ಟಿದ್ದೇ ಯುವರಾಜನಿಗೂ ತಮ್ಮ ಮಗನಿಗೂ ಒಂದೇ ರೋಗವಿದ್ದುದರಿಂದ. 1975ರಲ್ಲಿ ದಂಪತಿ ತಮ್ಮ ಮನೆಯ ಅನುಭವವನ್ನೇ ‘ಜರ್ನಿ’ ಎಂಬ ಪುಸ್ತಕವಾಗಿಸಿದರು. ಆ ದಶಕದಲ್ಲಿ ಸಾವಿರಾರು ತಂದೆತಾಯಿಗಳು ಮಗುವಿನ ರಕ್ತನಾಳ ಹುಡುಕಿ ಸೂಜಿ ಚುಚ್ಚುವುದನ್ನು ಕಲಿತರು. ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಇಂಗಾ ಮೇರಿ ನಿಲ್ಸನ್ ಇನ್ನೂ ಮುಂದೆ ಹೋಗಿದ್ದರು. ಸ್ರಾವವಾಗುವ ತನಕ ಕಾಯದೆ ಮೊದಲೇ ಫ್ಯಾಕ್ಟರ್ ಕೊಡುವ ಪದ್ಧತಿಯನ್ನು ಅಲ್ಲಿ 1958ರಿಂದಲೇ ಆರಂಭಿಸಲಾಗಿತ್ತು.

ಅಷ್ಟರಲ್ಲಿ ಬಂದದ್ದು ಘೋರ ದುರಂತ. ಒಂದು ಬಾಟಲಿ ಪುಡಿ ತಯಾರಿಸಲು ಸಾವಿರಾರು ಜನರ ಪ್ಲಾಸ್ಮಾವನ್ನು ಒಟ್ಟಿಗೆ ಬೆರೆಸುತ್ತಿದ್ದರು. ಒಬ್ಬನಲ್ಲಿ ಸೋಂಕಿದ್ದರೂ ಇಡೀ ತಯಾರಿಕೆ ಕೆಡುತ್ತಿತ್ತು. 1982ರ ಜುಲೈಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಮುಂದೆ ಏಡ್ಸ್ ಎಂದು ಕರೆಸಿಕೊಂಡ ಕಾಯಿಲೆ ಮೂವರು ಹಿಮೋಫಿಲಿಯಾ ರೋಗಿಗಳಲ್ಲಿ ಕಾಣಿಸಿಕೊಂಡದ್ದನ್ನು ವರದಿ ಮಾಡಿತು. ಫ್ಯಾಕ್ಟರನ್ನು ಶಾಖದಲ್ಲಿ ಶುದ್ಧಮಾಡುವುದು ರೂಢಿಗೆ ಬರುವಷ್ಟರಲ್ಲಿ 1985 ಆಗಿತ್ತು. ಬ್ರಿಟನ್ನೊಂದರಲ್ಲೇ ರಕ್ತಸ್ರಾವ ರೋಗವಿದ್ದ ಸುಮಾರು 1,250 ಮಂದಿಗೆ ಎಚ್‌ಐವಿ ತಗುಲಿತು. ಅವರಲ್ಲಿ ಸುಮಾರು 380 ಮಂದಿ ಮಕ್ಕಳು.

ಹ್ಯಾಂಪ್‌ಷೈರಿನ ಟ್ರೆಲೋರ್ ವಸತಿ ಶಾಲೆಯ ಕಥೆ ಎದೆ ಹಿಂಡುತ್ತದೆ. ಅಂಗವಿಕಲ ಮಕ್ಕಳಿಗಾಗಿದ್ದ ಆ ಶಾಲೆಯ ಆವರಣದಲ್ಲೇ ಹಿಮೋಫಿಲಿಯಾ ಕೇಂದ್ರವಿತ್ತು. ತರಗತಿಯಲ್ಲಿ ಕೂತ ಹುಡುಗನಿಗೆ ಮಂಡಿ ಜುಮ್ಮೆಂದರೆ ನಿಮಿಷಗಳಲ್ಲಿ ಮದ್ದು. ಪೋಷಕರಿಗೆ ಇದಕ್ಕಿಂತ ನೆಮ್ಮದಿ ಬೇರೇನು ಬೇಕಿತ್ತು? 1970ರಿಂದ 1987ರ ನಡುವೆ ಅಲ್ಲಿ ಓದಿದ 122 ಹಿಮೋಫಿಲಿಯಾ ವಿದ್ಯಾರ್ಥಿಗಳಲ್ಲಿ 2024ರ ಹೊತ್ತಿಗೆ ಉಳಿದಿದ್ದವರು ಸುಮಾರು 30 ಮಂದಿ. 2024ರ ಮೇ ತಿಂಗಳಲ್ಲಿ ಹೊರಬಂದ ಸರ್ ಬ್ರಯಾನ್ ಲ್ಯಾಂಗ್‌ಸ್ಟಾಫ್ ಅವರ ತನಿಖಾ ವರದಿ, ಅಪಾಯದ ಅರಿವಿದ್ದೂ ವೈದ್ಯರು ಆ ಮದ್ದು ಕೊಟ್ಟರು, ಮಕ್ಕಳನ್ನು ಸಂಶೋಧನೆಯ ವಸ್ತುಗಳಂತೆ ಕಂಡರು ಎಂದು ದಾಖಲಿಸಿತು. 1952ರಲ್ಲಿ ರೋಗಕ್ಕೆ ಹೆಸರು ಕೊಟ್ಟ ಸ್ಟೀಫನ್ ಕ್ರಿಸ್ಮಸ್ ಕೂಡ ರಕ್ತದಿಂದ ತಗುಲಿದ ಏಡ್ಸ್‌ನಿಂದ 1993ರಲ್ಲಿ ತೀರಿಕೊಂಡರು. ಸುರಕ್ಷಿತ ರಕ್ತಕ್ಕಾಗಿ ಅವರು ಕೆನಡಾದಲ್ಲಿ ದನಿಯೆತ್ತಿದ್ದರು. ಪ್ರಯೋಗಾಲಯದಲ್ಲಿ ತಯಾರಾದ, ಯಾರ ರಕ್ತವನ್ನೂ ಅವಲಂಬಿಸದ ಎಂಟನೆಯ ಫ್ಯಾಕ್ಟರ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ.

ಭಾರತದ ಕಷ್ಟವೇ ಬೇರೆ. ಇಲ್ಲಿ ಫ್ಯಾಕ್ಟರ್ ಎಂಬುದೇ ಅಪರೂಪವಾಗಿತ್ತು, ದುಬಾರಿಯಾಗಿತ್ತು. ಸ್ವತಃ ಹಿಮೋಫಿಲಿಯಾ ಇದ್ದ ಅಶೋಕ್ ಬಹಾದುರ್ ವರ್ಮಾ 1983ರಲ್ಲಿ ದೆಹಲಿಯಲ್ಲಿ ಹಿಮೋಫಿಲಿಯಾ ಫೆಡರೇಷನ್ ಕಟ್ಟಿದರು. ಮದ್ದನ್ನು ಒಟ್ಟಾಗಿ ತರಿಸಿ ರೋಗಿಗಳಿಗೆ ಕೈಗೆಟಕುವಂತೆ ಮಾಡುವುದು ಅದರ ಮುಖ್ಯ ಕೆಲಸಗಳಲ್ಲೊಂದಾಯಿತು. ಕರ್ನಾಟಕದಲ್ಲಿ ಈ ಚಳವಳಿಯ ಗಟ್ಟಿ ನೆಲೆ ದಾವಣಗೆರೆ. ಪೆಥಾಲಜಿ ಪ್ರಾಧ್ಯಾಪಕರೂ ಸ್ವತಃ ಹಿಮೋಫಿಲಿಯಾ ಇರುವವರೂ ಆದ ಡಾ. ಸುರೇಶ್ ಹನಗವಾಡಿಯವರ ಮುಂದಾಳತ್ವದಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಅಲ್ಲಿ ರೋಗಪತ್ತೆ, ಚಿಕಿತ್ಸೆ, ಫಿಸಿಯೋಥೆರಪಿ ಮೂರನ್ನೂ ಒಂದೆಡೆ ತಂದಿತು. ನೋವು ಶುರುವಾದಾಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ವೆಲ್ಲೂರಿಗೋ ಹೊರಡಬೇಕಾಗಿದ್ದ ಮಧ್ಯ ಕರ್ನಾಟಕದ ಕುಟುಂಬಗಳಿಗೆ ಆ ದೂರ ತಗ್ಗಿದ್ದು ಸಾಮಾನ್ಯ ಸಂಗತಿಯಲ್ಲ. ಈಗ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ಮೂಲಕವೂ ಫ್ಯಾಕ್ಟರ್ ಉಚಿತವಾಗಿ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಇಷ್ಟೆಲ್ಲ ಅನುಭವದ ಸಾರ ವಿಶ್ವ ಹಿಮೋಫಿಲಿಯಾ ಒಕ್ಕೂಟದ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಇಳಿದಿದೆ. ಅದನ್ನು ಬರೆದ ತಂಡದ ಮುಂದಾಳು ವೆಲ್ಲೂರಿನ ಸಿಎಂಸಿಯ ಡಾ. ಅಲೋಕ್ ಶ್ರೀವಾಸ್ತವ ಎಂಬುದು ನಮ್ಮ ಭಾಗದ ಹೆಮ್ಮೆ. ನಿಯಮಗಳು ಸರಳ. ಸ್ರಾವವಾದರೆ ಸಾಧ್ಯವಾದಷ್ಟು ಬೇಗ, ಎರಡು ಗಂಟೆಯೊಳಗೆ ಫ್ಯಾಕ್ಟರ್ ಕೊಡಬೇಕು. ಅನುಮಾನವಿದ್ದರೂ ಕೊಡಬೇಕು. ತಲೆಗೆ ಪೆಟ್ಟಾಗಿದ್ದರೆ ಸ್ಕ್ಯಾನಿಗೆ ಕಾಯದೆ ಮೊದಲು ಮದ್ದು, ಆಮೇಲೆ ತಪಾಸಣೆ. ಆಸ್ಪಿರಿನ್ ಕೂಡದು. ಮಾಂಸಖಂಡಕ್ಕೆ ಇಂಜೆಕ್ಷನ್ ಬೇಡ. ಸೂಜಿ ತೆಗೆದ ಮೇಲೆ ಆ ಜಾಗವನ್ನು ಮೂರರಿಂದ ಐದು ನಿಮಿಷ ಒತ್ತಿ ಹಿಡಿಯಬೇಕು. ರೋಗದ ಬಗೆ, ತೀವ್ರತೆ, ಬಳಸುವ ಮದ್ದು, ಚಿಕಿತ್ಸೆ ನೀಡುವ ಕೇಂದ್ರದ ಸಂಪರ್ಕ, ಮದ್ದಿನ ವಿರುದ್ಧ ದೇಹದಲ್ಲಿ ಪ್ರತಿರೋಧ ಬೆಳೆದಿದೆಯೇ ಎಂಬ ವಿವರವಿರುವ ಕಾರ್ಡ್ ಸದಾ ಜೊತೆಗಿರಬೇಕು.

ಆದರೆ ಸುಮಾರು ಮೂರನೇ ಒಂದು ಪಾಲು ಮಕ್ಕಳ ಕುಟುಂಬದಲ್ಲಿ ಈ ರೋಗದ ಸುಳಿವೇ ಇರುವುದಿಲ್ಲ. ಅಂಥ ಮನೆಯ ಕೂಸು ಅಂಬೆಗಾಲಿಡುವಾಗ ಮೈಮೇಲೆ ನೀಲಿ ಕಲೆಗಳೆದ್ದರೆ, ಆಸ್ಪತ್ರೆಯಲ್ಲಿ ತಂದೆತಾಯಿಯನ್ನೇ ಅನುಮಾನದಿಂದ ನೋಡಿದ ಪ್ರಸಂಗಗಳು ಅನೇಕ ದೇಶಗಳಲ್ಲಿ ನಡೆದಿವೆ. ಆ ಕೂಸಿನ ಬಳಿ ಕಾರ್ಡ್ ಇರುವುದಿಲ್ಲ. ಅದರ ಪಾಲಿಗೆ ಉಳಿಯುವುದು, ತುರ್ತು ಕೊಠಡಿಯ ವೈದ್ಯರಿಗೆ ಈ ರೋಗ ನೆನಪಾಗುವುದು ಮತ್ತು ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಎಪಿಟಿಟಿ ಎಂಬ ಅಗ್ಗದ ಪರೀಕ್ಷೆ.

ಆ ಪರೀಕ್ಷೆಗೂ ಈಗ ಹೊಸ ತೊಡಕು ಬಂದಿದೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಮಿಸಿಜುಮಾಬ್ ಎಂಬ ಮದ್ದನ್ನು ಚರ್ಮದಡಿಗೆ ಚುಚ್ಚಿದರೆ ವಾರಗಟ್ಟಲೆ ರಕ್ಷಣೆ ಸಿಗುತ್ತದೆ. ರಕ್ತನಾಳ ಹುಡುಕುವ ಗೋಳಿಲ್ಲ. ಎಷ್ಟೋ ಮಕ್ಕಳು ಅದರಿಂದ ಆಟದ ಮೈದಾನಕ್ಕೆ ಇಳಿದಿದ್ದಾರೆ. ಆದರೆ ಅದು ಸ್ರಾವ ತಡೆಯುವ ಮದ್ದೇ ಹೊರತು ಶುರುವಾದ ಸ್ರಾವವನ್ನು ನಿಲ್ಲಿಸುವ ಮದ್ದಲ್ಲ. ಪೆಟ್ಟು ಬಿದ್ದರೆ ಫ್ಯಾಕ್ಟರ್ ಬೇಕೇ ಬೇಕಾಗಬಹುದು. ಈ ಮದ್ದು ಪಡೆಯುತ್ತಿರುವ ಮಗುವಿನ ಎಪಿಟಿಟಿ ಫಲಿತಾಂಶವೂ ರೋಗವೇ ಇಲ್ಲವೆಂಬಂತೆ ಸಹಜವಾಗಿ ಬರುತ್ತದೆ. ಹಿನ್ನೆಲೆ ಗೊತ್ತಿಲ್ಲದ ವೈದ್ಯರು ವರದಿ ನೋಡಿ, ಎಲ್ಲ ಸರಿಯಿದೆಯೆಂದು ಮಗುವನ್ನು ಮನೆಗೆ ಕಳಿಸುವ ಅಪಾಯವಿದೆ. ಹಾಗಾಗಿ ಮಗುವಿನ ಕಾರ್ಡಿನಲ್ಲಿ ಈಗ ಎಮಿಸಿಜುಮಾಬ್ ಹೆಸರೂ ಇರಬೇಕು, ಎಪಿಟಿಟಿ ವರದಿಯನ್ನು ನಂಬಬಾರದೆಂಬ ಎಚ್ಚರಿಕೆಯೂ ಇರಬೇಕು. ರಾತ್ರಿ ಪಾಳಿಯ ವೈದ್ಯರಿಗೆ ಅದನ್ನು ಓದಿ ಹೇಳುವ ಕೆಲಸ ಸದ್ಯಕ್ಕೆ ತಾಯಿಯದೇ ಆಗಿದೆ.