ಹ್ಯಾಂಡಿಕ್ಯಾಪ್ ಎಂದರೆ ಟೋಪಿ ಹಿಡಿದು ಭಿಕ್ಷೆ ಬೇಡುವುದೇ? ಜೂಜಿನ ಮಾತುಗಳ ಹಿಂದಿನ ಕಟ್ಟುಕಥೆ ಮತ್ತು ನಿಜಕಥೆ

ಇಸ್ಪೀಟು ಎಲೆಗಳಲ್ಲಿ ಇಡೀ ವರ್ಷದ ಕ್ಯಾಲೆಂಡರ್ ಅಡಗಿದೆಯಂತೆ. ರೂಲೆಟ್ ಚಕ್ರದಲ್ಲಿ ಸೈತಾನನ ಸಂಖ್ಯೆ ಇದೆಯಂತೆ. ಹ್ಯಾಂಡಿಕ್ಯಾಪ್ ಎಂಬ ಪದ ಭಿಕ್ಷೆಯಿಂದ ಬಂತಂತೆ. ಇಂಥ ಮೆಸೇಜ್‌ಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಓದಲು ಮಜವಾಗಿರುತ್ತವೆ, ಹಾಗಾಗಿ ನಾವೂ ಯೋಚಿಸದೆ ಮುಂದಕ್ಕೆ ಕಳಿಸಿಬಿಡುತ್ತೇವೆ. ಇವುಗಳಲ್ಲಿ ಕೆಲವು ನಿರುಪದ್ರವಿ. ಆದರೆ ಎರಡು ಹಾಗಲ್ಲ. ಒಂದು, ಅಂಗವಿಕಲರ ಬಗ್ಗೆ ತಪ್ಪು ಭಾವನೆ ಬಿತ್ತುತ್ತದೆ. ಇನ್ನೊಂದು, ಜೂಜಿನಲ್ಲಿ ಏನೋ ಗುಟ್ಟು ಇದೆ, ಅದು ಗೊತ್ತಾದರೆ ಗೆಲ್ಲಬಹುದು ಎಂಬ ಆಸೆ ಹುಟ್ಟಿಸುತ್ತದೆ. ಯುರೋಪಿನ ಜೂಜುಕಟ್ಟೆಗಳಿಂದ ನಮ್ಮ ಮಾತಿನವರೆಗೂ ಬಂದ ಈ ಕಥೆಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದೊಂದಾಗಿ ನೋಡೋಣ.

1. 'ಹ್ಯಾಂಡಿಕ್ಯಾಪ್' ಪದ ಭಿಕ್ಷೆಯಿಂದ ಹುಟ್ಟಿತೇ?

ಫಾರ್ವರ್ಡ್ ಹೇಳುವುದು: ಇಂಗ್ಲೆಂಡಿನ ರಾಜ ಏಳನೇ ಹೆನ್ರಿ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಬೀದಿಯಲ್ಲಿ ಭಿಕ್ಷೆ ಬೇಡಲು ಅನುಮತಿ ಕೊಟ್ಟ. ಅವರು ಟೋಪಿಯನ್ನು, ಅಂದರೆ ಕ್ಯಾಪನ್ನು, ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಅದರಿಂದಲೇ ಈ ಪದ ಬಂತು.

ನಿಜ: ಇದು ಪೂರ್ತಿ ಸುಳ್ಳು. ಪದದಲ್ಲಿ ಕೈಯೂ ಇದೆ, ಟೋಪಿಯೂ ಇದೆ, ಆದರೆ ಭಿಕ್ಷೆ ಇಲ್ಲ. ಇದರ ಮೂಲ 'ಹ್ಯಾಂಡ್ ಇನ್ ಕ್ಯಾಪ್', ಅಂದರೆ ಟೋಪಿಯೊಳಗೆ ಕೈ, ಎಂಬ ಹಳೆಯ ಪಂತದ ಆಟ.

ಆಟ ಹೀಗಿತ್ತು. ಇಬ್ಬರು ತಮ್ಮ ವಸ್ತುಗಳನ್ನು ಅದಲು ಬದಲು ಮಾಡಿಕೊಳ್ಳಬೇಕು ಎಂದುಕೊಳ್ಳಿ. ಒಬ್ಬನ ಬಳಿ ಒಳ್ಳೆಯ ಕೋಟು, ಇನ್ನೊಬ್ಬನ ಬಳಿ ಸಾಧಾರಣ ಟೋಪಿ. ಬೆಲೆಯಲ್ಲಿ ವ್ಯತ್ಯಾಸ ಇದೆ. ಅದನ್ನು ತೀರ್ಮಾನಿಸಲು ಮೂರನೆಯವನೊಬ್ಬ ಪಂಚನಾಗಿ ಕೂರುತ್ತಾನೆ. ಮೂವರೂ ಸ್ವಲ್ಪ ಸ್ವಲ್ಪ ಪಣದ ಹಣ ಇಡುತ್ತಾರೆ. 'ಟೋಪಿಯವನು ಕೋಟಿನವನಿಗೆ ಇಷ್ಟು ಹಣ ಮೇಲೆ ಕೊಡಬೇಕು' ಎಂದು ಪಂಚ ಹೇಳುತ್ತಾನೆ. ಆಗ ಇಬ್ಬರೂ ಒಂದು ಟೋಪಿಯೊಳಗೆ ಕೈ ಹಾಕಿ, ಒಟ್ಟಿಗೆ ಹೊರಗೆ ತೆಗೆಯುತ್ತಾರೆ. ಕೈಯಲ್ಲಿ ನಾಣ್ಯ ಇದ್ದರೆ ಒಪ್ಪಿಗೆ, ಖಾಲಿ ಇದ್ದರೆ ಒಪ್ಪಿಗೆ ಇಲ್ಲ.

ಇಬ್ಬರೂ ಒಪ್ಪಿದರೆ ವಿನಿಮಯ ನಡೆಯುತ್ತದೆ, ಇಬ್ಬರೂ ಒಪ್ಪದಿದ್ದರೆ ನಡೆಯುವುದಿಲ್ಲ. ಎರಡೂ ಸಂದರ್ಭದಲ್ಲಿ ಪಣದ ಹಣ ಪಂಚನ ಪಾಲು. ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ಮಾತ್ರ ಹಣ ಒಪ್ಪಿದವನಿಗೆ ಸೇರುತ್ತದೆ. ಪಂಚ ಒಬ್ಬನ ಕಡೆ ವಾಲಿದರೆ ಲಾಭವಾಗುವವನು ಒಪ್ಪುತ್ತಾನೆ, ನಷ್ಟವಾಗುವವನು ಒಪ್ಪುವುದಿಲ್ಲ, ಪಂಚನಿಗೆ ಏನೂ ಸಿಗುವುದಿಲ್ಲ. ಅಂದರೆ ನ್ಯಾಯವಾಗಿ ಬೆಲೆ ಕಟ್ಟಿದರೆ ಮಾತ್ರ ಅವನಿಗೆ ಗಳಿಕೆ.

ಇಂಥ ವಿನಿಮಯದ ಆಟ 14ನೇ ಶತಮಾನದ ಇಂಗ್ಲಿಷ್ ಕವಿ ವಿಲಿಯಂ ಲ್ಯಾಂಗ್‌ಲ್ಯಾಂಡ್‌ನ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲೇ ಬರುತ್ತದೆ, ಆದರೆ ಅಲ್ಲಿ ಅದಕ್ಕೆ ಬೇರೆ ಹೆಸರು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿ 1660ರ ಸೆಪ್ಟೆಂಬರ್ 18ರಂದು ತನ್ನ ಡೈರಿಯಲ್ಲಿ ಹ್ಯಾಂಡಿಕ್ಯಾಪ್ ಎಂಬ ಹೆಸರನ್ನೇ ಬರೆದಿದ್ದಾನೆ. ಹೆಂಡದಂಗಡಿಯಲ್ಲಿ ಗೆಳೆಯರ ಜೊತೆ ಆಡಿದ ಈ ಆಟ ತನಗೆ ಹೊಸದು, ಚೆನ್ನಾಗಿತ್ತು ಎನ್ನುತ್ತಾನೆ.

ಮುಂದೆ 18ನೇ ಶತಮಾನದಲ್ಲಿ ಈ ಪದ ಕುದುರೆ ರೇಸಿಗೆ ಹೋಯಿತು. ವೇಗದ ಕುದುರೆಯ ಮೇಲೆ ಹೆಚ್ಚು ತೂಕ ಹೇರಿ ಎಲ್ಲ ಕುದುರೆಗಳಿಗೂ ಸಮಾನ ಅವಕಾಶ ಕೊಡುವ ಪದ್ಧತಿಗೆ ಹ್ಯಾಂಡಿಕ್ಯಾಪ್ ಎಂದರು. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಲ್ಲೂ ಹ್ಯಾಂಡಿಕ್ಯಾಪ್ ರೇಸ್‌ಗಳು ನಡೆಯುತ್ತವೆ. 'ಹೇರಿದ ಹೊರೆ' ಎಂಬ ಅರ್ಥದಿಂದ 'ಅಡ್ಡಿ' ಎಂಬ ಅರ್ಥ ಬಂತು. ಅಂಗವೈಕಲ್ಯಕ್ಕೆ ಈ ಪದ ಬಳಸತೊಡಗಿದ್ದು 20ನೇ ಶತಮಾನದ ಆರಂಭದಲ್ಲಿ ಮಾತ್ರ. ಏಳನೇ ಹೆನ್ರಿ ತೀರಿಕೊಂಡಿದ್ದು 1509ರಲ್ಲಿ. ಅಂದರೆ ನಡುವೆ ಸುಮಾರು 400 ವರ್ಷಗಳ ಅಂತರ!

ಈ ಪದ ಈಗ ಅನೇಕರಿಗೆ ಇಷ್ಟವಿಲ್ಲ, ಅದನ್ನು ಬಿಡುವುದೇ ಒಳ್ಳೆಯದು. ಆದರೆ ಬಿಡಲು ಸುಳ್ಳು ಕಥೆ ಬೇಕಿಲ್ಲ. ಅಂಗವಿಕಲರನ್ನು ಭಿಕ್ಷೆಗೆ ತಳಕು ಹಾಕುವ ಕಥೆಯನ್ನು ಹಂಚಿದಷ್ಟೂ ಅವರಿಗೆ ಅವಮಾನವೇ ಹೊರತು ಉಪಕಾರವಿಲ್ಲ.

2. ಇಸ್ಪೀಟು ಎಲೆಗಳು ಕ್ಯಾಲೆಂಡರೇ?

ಫಾರ್ವರ್ಡ್ ಹೇಳುವುದು: 52 ಎಲೆ ಎಂದರೆ 52 ವಾರ. ನಾಲ್ಕು ಚಿಹ್ನೆ ಎಂದರೆ ನಾಲ್ಕು ಋತು. ರಾಜ, ರಾಣಿ, ಗುಲಾಮ ಸೇರಿ 12 ಎಲೆ, 12 ತಿಂಗಳು. ಕೆಂಪು ಹಗಲು, ಕಪ್ಪು ರಾತ್ರಿ. ಎಕ್ಕಕ್ಕೆ 1ರಿಂದ ರಾಜನಿಗೆ 13ರವರೆಗೆ ಎಣಿಸಿದರೆ ಒಟ್ಟು 364, ಜೋಕರ್ ಸೇರಿದರೆ 365.

ನಿಜ: ಲೆಕ್ಕ ಸರಿ, ತೀರ್ಮಾನ ತಪ್ಪು. 1ರಿಂದ 13ರವರೆಗಿನ ಮೊತ್ತ 91, ನಾಲ್ಕರಿಂದ ಗುಣಿಸಿದರೆ 364. ಇದು ಕಾಕತಾಳೀಯ ಅಷ್ಟೇ.

ಯುರೋಪಿನಲ್ಲಿ ಇಸ್ಪೀಟು ಕಾಣಿಸಿಕೊಂಡಿದ್ದು 1370ರ ದಶಕದಲ್ಲಿ. ಇಟಲಿಯ ಫ್ಲಾರೆನ್ಸ್ ನಗರ 1377ರಲ್ಲೇ ಈ ಹೊಸ ಆಟದ ಮೇಲೆ ಆದೇಶ ಹೊರಡಿಸಿತ್ತು. ಎಲೆಗಳು ಅಲ್ಲಿಗೆ ಬಂದಿದ್ದು ಈಜಿಪ್ಟಿನ ಮಮ್ಲೂಕ್ ಸುಲ್ತಾನರ ರಾಜ್ಯದ ಕಡೆಯಿಂದ. ಅಂಥ ಒಂದು ಹಳೆಯ ಕಟ್ಟು ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯಲ್ಲಿ ಸಿಕ್ಕಿದೆ. ಅದರಲ್ಲೂ ನಾಲ್ಕು ಬಗೆ, ಬಗೆಗೆ 13 ಎಲೆ. ಆದರೆ ಆ ರಾಜ್ಯದ ಇಸ್ಲಾಮಿ ಚಾಂದ್ರಮಾನ ವರ್ಷಕ್ಕೆ ಇರುವುದು 354 ಅಥವಾ 355 ದಿನ. ಆ ಎಲೆಗಳಲ್ಲಿ ರಾಣಿಯೂ ಇರಲಿಲ್ಲ. ರಾಜ, ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು ಅಷ್ಟೇ.

ಯುರೋಪಿಗೆ ಬಂದ ಮೇಲೂ ಎಲ್ಲೆಡೆ 52 ಎಲೆ ಇರಲಿಲ್ಲ. ಸ್ಪೇನಿನಲ್ಲಿ 40 ಅಥವಾ 48, ಜರ್ಮನಿಯಲ್ಲಿ 36 ಅಥವಾ 32 ಎಲೆಗಳ ಕಟ್ಟುಗಳು ಇಂದಿಗೂ ಇವೆ. ಜೋಕರ್ ಅಂತೂ 1860ರ ದಶಕದಲ್ಲಿ ಅಮೆರಿಕದಲ್ಲಿ ಸೇರಿಸಿದ ಎಲೆ. ಅದಿಲ್ಲದೆ 365 ಆಗುವುದೇ ಇಲ್ಲ. ನಮ್ಮ ಗಂಜೀಫಾವನ್ನೇ ನೋಡಿ. ದಶಾವತಾರ ಗಂಜೀಫಾದಲ್ಲಿ ಹತ್ತು ಬಗೆ, ಬಗೆಗೆ 12ರಂತೆ 120 ಎಲೆ. ಎಲೆಗಳ ಸಂಖ್ಯೆ ಆಟದಿಂದ ಆಟಕ್ಕೆ ಬದಲಾಗುತ್ತದೆ, ಪಂಚಾಂಗ ನೋಡಿ ನಿರ್ಧಾರವಾಗುವುದಿಲ್ಲ.

ನಿಜವಾದ ಸ್ವಾರಸ್ಯ ಚಿಹ್ನೆಗಳ ಹೆಸರಿನಲ್ಲಿದೆ. 'ಸ್ಪೇಡ್' ಎಂದರೆ ಮಣ್ಣು ತೋಡುವ ಸಲಿಕೆ ಎಂದು ಅನೇಕರು ತಿಳಿದಿದ್ದಾರೆ. ಅಲ್ಲ, ಇಟಲಿ ಮತ್ತು ಸ್ಪೇನಿನ ಎಲೆಗಳಲ್ಲಿದ್ದ ಕತ್ತಿಯ ಹೆಸರು ಅದು. 'ಕ್ಲಬ್' ಎಂದರೆ ದೊಣ್ಣೆ, ಅದೂ ಅದೇ ಹಳೆಯ ಎಲೆಗಳದ್ದು. ಮುಂದೆ ಫ್ರಾನ್ಸಿನಿಂದ ಮೂರೆಲೆಯ ಸೊಪ್ಪಿನಂಥ ಸುಲಭ ಚಿತ್ರಗಳು ಬಂದವು. ಇಂಗ್ಲಿಷರು ಚಿತ್ರ ಬದಲಿಸಿದರು, ಹೆಸರನ್ನು ಹಾಗೇ ಉಳಿಸಿಕೊಂಡರು. ಅದಕ್ಕೇ ಇಂದಿಗೂ ಸೊಪ್ಪಿನ ಚಿತ್ರಕ್ಕೆ ದೊಣ್ಣೆ ಎಂಬ ಹೆಸರು!

3. ರೂಲೆಟ್ ಚಕ್ರ ಸೈತಾನನದೇ?

ಫಾರ್ವರ್ಡ್ ಹೇಳುವುದು: ಗಣಿತಜ್ಞ ಪ್ಯಾಸ್ಕಲ್ ರೂಲೆಟ್ ಕಂಡುಹಿಡಿದ. ಫ್ರಾಂಸ್ವಾ ಬ್ಲಾಂಕ್ ಎಂಬವನು ಸೈತಾನನಿಗೆ ಆತ್ಮ ಮಾರಿ ಅದರ ಗುಟ್ಟು ಪಡೆದ. ಅದಕ್ಕೇ ಅದರ ಸಂಖ್ಯೆಗಳ ಮೊತ್ತ 666.

ನಿಜ: ಮೊತ್ತ 666 ಹೌದು. 1ರಿಂದ 36ರವರೆಗೆ ಯಾರು ಎಲ್ಲಿ ಕೂಡಿದರೂ ಅಷ್ಟೇ ಬರುತ್ತದೆ. ಪ್ಯಾಸ್ಕಲ್ 1662ರಲ್ಲೇ ತೀರಿಕೊಂಡ. ಈಗ ನಾವು ನೋಡುವಂಥ ರೂಲೆಟ್ ಪ್ಯಾರಿಸ್ಸಿನಲ್ಲಿ ರೂಢಿಗೆ ಬಂದಿದ್ದು 18ನೇ ಶತಮಾನದ ಕೊನೆಯಲ್ಲಿ. ಗೊಂದಲಕ್ಕೆ ಕಾರಣವೂ ಊಹಿಸಬಹುದು. ಫ್ರೆಂಚಿನಲ್ಲಿ ರೂಲೆಟ್ ಎಂದರೆ ಪುಟ್ಟ ಚಕ್ರ. ಪ್ಯಾಸ್ಕಲ್ 1658ರಲ್ಲಿ 'ರೂಲೆಟ್' ಬಗ್ಗೆ ಬರೆದದ್ದು ನಿಜ, ಆದರೆ ಅದು ಉರುಳುವ ಚಕ್ರದ ಮೇಲಿನ ಒಂದು ಬಿಂದು ಎಳೆಯುವ ವಕ್ರರೇಖೆಯ ಗಣಿತ. 1654ರಲ್ಲಿ ಅವನೂ ಫರ್ಮಾ ಎಂಬ ಗಣಿತಜ್ಞನೂ ಜೂಜಿನ ಲೆಕ್ಕಗಳ ಬಗ್ಗೆ ಪತ್ರ ಬರೆದುಕೊಂಡಿದ್ದೂ ನಿಜ. ಸಂಭವನೀಯತೆ ಎಂಬ ಗಣಿತ ಶಾಖೆ ಬೆಳೆದಿದ್ದು ಅಲ್ಲಿಂದ.

ಬ್ಲಾಂಕ್ ಸಹೋದರರು 1843ರಲ್ಲಿ ಜರ್ಮನಿಯ ಹೋಂಬುರ್ಗ್‌ನಲ್ಲಿ ಒಂದೇ ಸೊನ್ನೆಯ ಚಕ್ರ ತಂದರು. ಮುಂದೆ ಮಾಂಟೆ ಕಾರ್ಲೊದಲ್ಲಿ ಫ್ರಾಂಸ್ವಾ ಬ್ಲಾಂಕ್ ಅಪಾರ ಹಣ ಗಳಿಸಿದ. ಅದಕ್ಕೆ ಸೈತಾನನ ಸಹಾಯ ಬೇಕಿರಲಿಲ್ಲ, ಆ ಸೊನ್ನೆಯೇ ಸಾಕಿತ್ತು. ಲೆಕ್ಕ ನೋಡಿ. ಚಕ್ರದಲ್ಲಿ 0 ಸೇರಿ 37 ಮನೆಗಳಿವೆ. ಎಲ್ಲ ಮನೆಗಳ ಮೇಲೂ 100 ರೂಪಾಯಿ ಇಟ್ಟರೆ ಖರ್ಚು 3,700. ಗೆದ್ದ ಮನೆಗೆ ಇಟ್ಟ ಹಣವೂ ಸೇರಿ ಮರಳಿ ಬರುವುದು 3,600. ಉಳಿದ 100 ಕ್ಯಾಸಿನೋದ್ದು. ಅಂದರೆ ಪಂತಕ್ಕಿಟ್ಟ ಹಣದಲ್ಲಿ ಸರಾಸರಿ 2.7% ಅವರ ಪಾಲು. ಟೋಪಿ ಆಟದ ಪಂಚನಿಗೆ ನ್ಯಾಯವಾಗಿದ್ದರೆ ಗಳಿಕೆ. ಇಲ್ಲಿ ಆಟದ ನಿಯಮವೇ ಒಂದು ಕಡೆ ವಾಲಿದೆ.

4. 'ಇಷ್ಟು ಸಲ ಸೋತ ಮೇಲೆ ಗೆಲುವು ಬರಲೇಬೇಕು'

ಇದು ಕಥೆಯಲ್ಲ, ನಂಬಿಕೆ. ಅದಕ್ಕೇ ಹೆಚ್ಚು ಅಪಾಯಕಾರಿ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ರೂಲೆಟ್‌ನಲ್ಲಿ ಚೆಂಡು ಸತತವಾಗಿ 26 ಸಲ ಕಪ್ಪು ಮನೆಯಲ್ಲೇ ನಿಂತಿತು. 'ಇನ್ನು ಕೆಂಪೇ ಬರಬೇಕು' ಎಂದು ಜನ ಪಂತ ಹೆಚ್ಚಿಸುತ್ತಾ ಹೋಗಿ ಭಾರೀ ಹಣ ಕಳೆದುಕೊಂಡರು. ಈ ತಪ್ಪಿಗೆ 'ಜೂಜುಗಾರನ ಭ್ರಮೆ' ಎನ್ನುತ್ತಾರೆ. ಮಾಂಟೆ ಕಾರ್ಲೊ ಭ್ರಮೆ ಎಂಬ ಹೆಸರೂ ಇದೆ.

ಚೆಂಡಿಗೆ ನೆನಪಿನ ಶಕ್ತಿ ಇಲ್ಲ. ಹಿಂದೆ ಎಷ್ಟು ಸಲ ಕಪ್ಪು ಬಂದಿದ್ದರೂ ಮುಂದಿನ ಸಲ ಕೆಂಪು ಬರುವ ಸಾಧ್ಯತೆ 37ರಲ್ಲಿ 18, ಅಷ್ಟೇ. 'ಮೂರು ಹೆಣ್ಣಾಯಿತು, ನಾಲ್ಕನೆಯದು ಗಂಡೇ' ಎನ್ನುವುದೂ, 'ನಾಲ್ಕು ಮ್ಯಾಚ್ ಟಾಸ್ ಸೋತಿದ್ದಾನೆ, ಈ ಸಲ ಗೆಲ್ಲುತ್ತಾನೆ' ಎನ್ನುವುದೂ ಇದೇ ಭ್ರಮೆ. ಬೆಟ್ಟಿಂಗ್ ಚಟಕ್ಕೆ ಬಿದ್ದವರು ಸೋತ ಹಣ ವಾಪಸ್ ತರುತ್ತೇನೆ ಎಂದು ಸಾಲ ಮಾಡುವುದರ ಹಿಂದೆಯೂ ಈ ಲೆಕ್ಕಾಚಾರ ಕೆಲಸ ಮಾಡುತ್ತಿರುತ್ತದೆ.

5. ಸ್ಯಾಂಡ್‌ವಿಚ್ ಜೂಜುಗಾರನ ತಿಂಡಿಯೇ?

ಇದು ಅರ್ಧ ಸತ್ಯ. ಹೆಸರು ಬಂದಿದ್ದು ಇಂಗ್ಲೆಂಡಿನ ನಾಲ್ಕನೇ ಅರ್ಲ್ ಆಫ್ ಸ್ಯಾಂಡ್‌ವಿಚ್, ಜಾನ್ ಮಾಂಟಗು ಅವರಿಂದ. ಜೂಜಿನ ಮೇಜು ಬಿಟ್ಟು ಏಳಲಾಗದೆ ಬ್ರೆಡ್ಡಿನ ನಡುವೆ ಮಾಂಸ ಇಟ್ಟು ತಿಂದ ಮಂತ್ರಿಯ ಕಥೆಯನ್ನು ಬರೆದದ್ದು ಲಂಡನ್ನಿಗೆ ಬಂದಿದ್ದ ಫ್ರೆಂಚ್ ಪ್ರವಾಸಿ ಗ್ರೋಸ್ಲೆ. ಕೆಲಸದ ಮೇಜಿನಲ್ಲೇ ತಿಂದಿರುವ ಸಾಧ್ಯತೆ ಹೆಚ್ಚು ಎನ್ನುವುದು ಅರ್ಲ್‌ನ ಜೀವನಚರಿತ್ರೆ ಬರೆದ ಇತಿಹಾಸಕಾರ ರಾಡ್ಜರ್ ಅವರ ಅಭಿಪ್ರಾಯ. ಬ್ರೆಡ್ಡಿನ ನಡುವೆ ಏನಾದರೂ ಇಟ್ಟು ತಿನ್ನುವುದು ಅವರಿಗಿಂತ ಬಹಳ ಹಳೆಯದು.

ಹಾಗಾದರೆ ನಿಜವಾಗಿ ಜೂಜಿನಿಂದ ಬಂದ ಪದಗಳು ಯಾವುವು?

- ಹಜಾರ್ಡ್: ಕಾರಿನ ಹಜಾರ್ಡ್ ಲೈಟ್ ಗೊತ್ತಲ್ಲ? ಮಧ್ಯಯುಗದ ಯುರೋಪಿನಲ್ಲಿ ಇದು ಎರಡು ದಾಳಗಳ ಜೂಜಿನ ಹೆಸರು. ಹಣ ಕಳೆಯುವ ಆಟದ ಹೆಸರೇ ಮುಂದೆ ಅಪಾಯಕ್ಕೆ ಹೆಸರಾಯಿತು.
- ಡಾರ್ಕ್ ಹಾರ್ಸ್: ಚುನಾವಣೆ ಸುದ್ದಿಯಲ್ಲಿ ಕೇಳುವ ಮಾತು. ಯಾರೂ ಗಮನಿಸದ ಕುದುರೆ ರೇಸ್ ಗೆಲ್ಲುವ ಪ್ರಸಂಗ ಡಿಸ್ರೇಲಿಯ 1831ರ ಕಾದಂಬರಿ 'ದಿ ಯಂಗ್ ಡ್ಯೂಕ್'ನಲ್ಲಿದೆ. ಲೇಖಕ ಮುಂದೆ ಬ್ರಿಟನ್ನಿನ ಪ್ರಧಾನಿಯಾದ.
- ಬುಕ್ಕಿ: ಪಂತಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವನು ಬುಕ್‌ಮೇಕರ್. ಯಾವ ಕುದುರೆ ಗೆದ್ದರೂ ತನಗೆ ಲಾಭ ಉಳಿಯುವಂತೆ ದರ ಹೊಂದಿಸುವುದೇ ಅವನ ಕಸುಬು.
- ಕ್ಯಾಸಿನೋ: ಇಟಾಲಿಯನ್ನಿನಲ್ಲಿ 'ಪುಟ್ಟ ಮನೆ'. ವೆನಿಸ್ ಸರ್ಕಾರ 1638ರಲ್ಲೇ ರಿಡೊಟ್ಟೊ ಎಂಬ ಸಾರ್ವಜನಿಕ ಜೂಜುಮನೆ ತೆರೆದಿತ್ತು. 1774ರಲ್ಲಿ ಅದನ್ನು ಮುಚ್ಚಿತು.

ಮುಂದಿನ ಸಲ ಇಂಥ ಮೆಸೇಜ್ ಬಂದಾಗ

ಮೂರು ವಿಷಯ ನೋಡಿ. ಒಂದು, ಯಾವುದೋ ರಾಜನ ಆದೇಶದಿಂದ ಪದ ಹುಟ್ಟಿತು ಎಂದಿದ್ದರೆ ಪದ ಮೊದಲು ಬರವಣಿಗೆಯಲ್ಲಿ ಕಂಡ ವರ್ಷ ಹುಡುಕಿ. ಎರಡು, ಸಂಖ್ಯೆಗಳು ಅಚ್ಚುಕಟ್ಟಾಗಿ ಹೊಂದಿದ ಮಾತ್ರಕ್ಕೆ ಯಾರೋ ಹಾಗೆ ಹೊಂದಿಸಿದ್ದಾರೆ ಎಂದು ನಂಬಬೇಡಿ. ಮೂರು, ಆ ಮೆಸೇಜ್ ಯಾರನ್ನಾದರೂ ಕೀಳಾಗಿ ತೋರಿಸುತ್ತಿದೆಯೇ, ಅಥವಾ ಗೆಲುವಿನ ಗುಟ್ಟು ಕೊಡುತ್ತೇನೆ ಎನ್ನುತ್ತಿದೆಯೇ ಎಂದು ಕೇಳಿಕೊಳ್ಳಿ. ಹೌದಾದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ, ಮುಂದಕ್ಕೆ ಹೋಗುವುದು ಬೇಡ.