ಕೆಸಡಿಯಾ: ಹೆಸರಲ್ಲಿ ಚೀಸ್, ಉಸಿರಲ್ಲಿ ಮೆಕ್ಕೆಜೋಳ

ಮೆಕ್ಸಿಕೋ ನಗರದ ಬೀದಿಬದಿಯಲ್ಲಿ ಕಾವಲಿ ಕಾಯಿಸಿಕೊಂಡು ಕೂತ ಹೆಂಗಸನ್ನು ಕೆಸಡಿಯಾ, ಅಂದರೆ ಹೂರಣ ತುಂಬಿ ಮಡಿಚಿದ ಮೆಕ್ಕೆಜೋಳದ ರೊಟ್ಟಿ, ಕೇಳಿದರೆ ಆಕೆ ಮರುಪ್ರಶ್ನೆ ಹಾಕುತ್ತಾಳೆ: ‘ಚೀಸ್ ಹಾಕಿದ್ದೋ, ಹಾಕದ್ದೋ?’ ಅದೇ ದೇಶದ ಬೇರೆ ಊರುಗಳವರಿಗೆ ಈ ಪ್ರಶ್ನೆಯೇ ಅಸಂಬದ್ಧ. ಸ್ಪ್ಯಾನಿಷ್‌ನಲ್ಲಿ ‘ಕೇಸೊ’ ಎಂದರೆ ಚೀಸ್. ಕೆಸಡಿಯಾ ಅದರಿಂದ ಹುಟ್ಟಿದ ಪದ. ಚೀಸಿಲ್ಲದ್ದು ಕೆಸಡಿಯಾ ಹೇಗಾದೀತು ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಆದರೆ ಈ ಪದ ನಡೆದುಬಂದ ದಾರಿಯನ್ನು ನೋಡಿದರೆ, ನ್ಯಾಯ ಆ ಹೆಂಗಸಿನ ಕಡೆಗೇ ಇದೆ.

‘ಕೇಸೊ’ದ ತಾಯಿ ಲ್ಯಾಟಿನ್ನಿನ ‘ಕಾಸೆಉಸ್’. ಇಂಗ್ಲಿಷಿನ ಚೀಸ್ ಕೂಡ ಅದೇ ತಾಯಿಯ ಮಗು. ಪೋರ್ಚುಗೀಸರ ನಾಲಗೆಯ ಮೇಲೆ ಹಡಗು ಹತ್ತಿದ ಅದರ ಇನ್ನೊಂದು ರೂಪ ಇಂಡೊನೇಷ್ಯಾದಲ್ಲಿ ‘ಕೇಜು’ ಆಗಿ ನೆಲೆಸಿತು. ನಮ್ಮ ವಿಜ್ಞಾನ ಪಠ್ಯಗಳಲ್ಲಿ ಬರುವ ಹಾಲಿನ ಪ್ರೋಟೀನು ‘ಕೇಸೀನ್’ ಕೂಡ ಇದೇ ಬಳಗದ್ದು. ಕಾಸೆಉಸ್‌ನ ಮೂಲದಲ್ಲಿ ‘ಹುದುಗು, ಹುಳಿಯಾಗು’ ಎಂಬ ಅರ್ಥದ ಧಾತುವಿದೆ ಎಂದು ಊಹಿಸುವ ಭಾಷಾವಿಜ್ಞಾನಿಗಳು, ನಮ್ಮ ಆಯುರ್ವೇದದ ‘ಕ್ವಾಥ’ (ಕಷಾಯ) ಪದವನ್ನೂ ಅದರ ದೂರದ ನೆಂಟನೆಂದು ಗುರುತಿಸುತ್ತಾರೆ.

ಚೀಸು, ಹಿಟ್ಟು ಬೆರೆಸಿ ಸುಡುವ ಪದ್ಧತಿ ರೋಮನ್ನರಲ್ಲೇ ಇತ್ತು. ಕ್ರಿ.ಪೂ. 2ನೇ ಶತಮಾನದ ಕೇಟೊ ತನ್ನ ಕೃಷಿಗ್ರಂಥದಲ್ಲಿ ಅಂಥ ‘ಲೀಬುಮ್’ ಮಾಡುವ ವಿಧಾನ ಬರೆದಿದ್ದಾನೆ. ಸ್ಪೇನಿನಲ್ಲಿ ಚೀಸಿನ ಕಡುಬಿಗೆ ‘ಕೆಸಾದಾ’ ಎಂಬ ಹೆಸರಾಯಿತು. ‘ಪುಟ್ಟದು’ ಎನ್ನುವ ಪ್ರತ್ಯಯ ಸೇರಿ ಕೆಸಡಿಯಾ ಆಯಿತು. ಹೀಗೆ ಬಂದ ಹೆಸರು ಹಲವೆಡೆ ಸಿಹಿತಿಂಡಿಯದಾಗಿಯೇ ಉಳಿದಿದೆ. ಕೆನರಿ ದ್ವೀಪಗಳ ಎಲ್ ಇಯೆರೊದಲ್ಲಿ ಕೆಸಡಿಯಾ ಎಂದರೆ ಒಲೆಯಲ್ಲಿ ಬೇಯಿಸಿದ ಸಿಹಿ. ಎಲ್ ಸಾಲ್ವಡೋರ್‌ನಲ್ಲಿ ಕಾಫಿಯ ಜತೆ ತಿನ್ನುವ ಚೀಸಿನ ಕೇಕು.

ಈ ಪದ ಮೆಕ್ಸಿಕೋಗೆ ಬಂದಾಗ ಅಲ್ಲಿ ಬೇರೊಂದು ಲೋಕವೇ ಇತ್ತು. 1521ರಲ್ಲಿ ಅಜ್ಟೆಕರ ರಾಜಧಾನಿ ತೆನೊಚ್ತಿತ್ಲಾನ್ ಸ್ಪ್ಯಾನಿಷರ ಕೈಸೇರುವ ಮುಂಚೆ ಆ ನೆಲದಲ್ಲಿ ದನವೂ ಇರಲಿಲ್ಲ, ಆಡು ಕುರಿಗಳೂ ಇರಲಿಲ್ಲ. ಹಾಲು ಕರೆಯದ ನಾಡಿಗೆ ಚೀಸೆಲ್ಲಿಯದು? ಅಲ್ಲಿದ್ದದ್ದು ಮೆಕ್ಕೆಜೋಳ ಮತ್ತು ಅದನ್ನು ಹದಮಾಡುವ ಅಪೂರ್ವ ವಿದ್ಯೆ. ಒಣಗಿದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಬಿಟ್ಟು, ಬೆಳಿಗ್ಗೆ ತೊಳೆದು ಸಿಪ್ಪೆ ಕಳೆದು, ಹಸಿಯಾಗಿರುವಾಗಲೇ ಅರೆಯುತ್ತಾರೆ. ಅಲ್ಲಿನ ಮೂಲನಿವಾಸಿಗಳ ನಹ್ವಾಟಲ್ ಭಾಷೆಯ ‘ನೆಷ್ತ್ಲಿ’ (ಬೂದಿ), ‘ತಮಾಲ್ಲಿ’ (ಬೇಯಿಸಿದ ಹಿಟ್ಟಿನ ಉಂಡೆ) ಎರಡೂ ಕೂಡಿದ ‘ನಿಷ್ತಮಾಲ್’ ಎಂಬುದು ಈ ಹದಗೊಂಡ ಕಾಳಿನ ಹೆಸರು. ಅರೆದು ಬಂದ ಹಿಟ್ಟು ‘ಮಾಸಾ’. ಅದನ್ನು ಬೇಯಿಸುವ ಕಾವಲಿ ‘ಕೊಮಾಲ್’. ಇದೂ ನಹ್ವಾಟಲ್ ಮಾತೇ.

ಸುಣ್ಣ ಇಲ್ಲಿ ರುಚಿಗಷ್ಟೇ ಅಲ್ಲ. ಬರಿಯ ಮೆಕ್ಕೆಜೋಳದ ಹಿಟ್ಟು ತಟ್ಟಿ ಮಡಿಚಿದರೆ ಬಿರಿಯುತ್ತದೆ. ಸುಣ್ಣದಲ್ಲಿ ಹದಗೊಂಡದ್ದು ಅಂಟು ಬಂದು ಬಾಗುತ್ತದೆ. ಕಾಳಿನೊಳಗೆ ಬಂಧಿಯಾಗಿದ್ದ ನಿಯಾಸಿನ್ ಜೀವಸತ್ವವೂ ಬಿಡುಗಡೆಯಾಗುತ್ತದೆ. ಯುರೋಪು ಮೆಕ್ಕೆಜೋಳದ ಬೀಜವನ್ನು ಒಯ್ದು ಈ ವಿದ್ಯೆಯನ್ನು ಬಿಟ್ಟುಹೋಯಿತು. ಅದನ್ನೇ ನೆಚ್ಚಿ ಬದುಕಿದ ಉತ್ತರ ಇಟಲಿಯ ಬಡವರು ನಿಯಾಸಿನ್ ಕೊರತೆಯ ಪೆಲಾಗ್ರ ರೋಗದಿಂದ ನರಳಿದರು.

ಈ ಮಾಸಾವನ್ನು ಕೈಯಲ್ಲೋ ಒತ್ತುಮಣೆಯಲ್ಲೋ ತೆಳುವಾಗಿ ಅಗಲಿಸಿ, ನಡುವೆ ಒವಾಹಾಕ ಪ್ರಾಂತ್ಯದ ಎಳೆಎಳೆಯಾಗಿ ಬಿಡಿಸುವ ಚೀಸನ್ನೋ, ಟೊಮೆಟೊ–ಈರುಳ್ಳಿ–ಹೊಗೆಯಾಡಿಸಿದ ಮೆಣಸಿನಕಾಯಿಯಲ್ಲಿ ಬೆಂದ ಮಾಂಸದ ‘ತಿಂಗಾ’ವನ್ನೋ ಇಟ್ಟು, ಕರ್ಜಿಕಾಯಿಯಂತೆ ಅರ್ಧಚಂದ್ರಾಕಾರಕ್ಕೆ ಮಡಿಚಿ ಅಂಚು ಒತ್ತುತ್ತಾರೆ. ಆಮೇಲೆ ಕಾವಲಿಯ ಮೇಲೆ ಸುಡುತ್ತಾರೆ, ಇಲ್ಲವೇ ಎಣ್ಣೆಯಲ್ಲಿ ಕರಿಯುತ್ತಾರೆ. ಕುಂಬಳಹೂವು, ಅಣಬೆ, ಮೆಕ್ಕೆಜೋಳದ ತೆನೆಗೆ ಬರುವ ಕಪ್ಪು ಬೂಷ್ಟು ‘ವಿತ್ಲಕೋಚೆ’, ಇವೂ ಒಳಗೆ ಸೇರುತ್ತವೆ. ಒಳಗಿನದು ದಿನಕ್ಕೊಂದು, ಹೊರಗಿನ ಮಡಿಕೆ ಮಾತ್ರ ಸ್ಥಿರ. ಹಾಗಾಗಿ ರಾಜಧಾನಿಯ ಜನ ಹೆಸರನ್ನು ಒಳಗಿನ ಚೀಸಿನಿಂದ ಬಿಡಿಸಿ ಹೊರಗಿನ ಮಾಸಾಕ್ಕೆ ಕೊಟ್ಟರು.

ಇದು ಭಾಷೆಗೆ ಬಗೆದ ಅಪಚಾರವೇ? ನಮ್ಮ ‘ಎಣ್ಣೆ’ಯನ್ನೇ ನೋಡಿ. ಎಳ್ + ನೆಯ್, ಅಂದರೆ ಎಳ್ಳಿನ ಜಿಡ್ಡು. ಸಂಸ್ಕೃತದ ‘ತೈಲ’ವೂ ತಿಲದಿಂದ ಬಂದದ್ದೇ. ಆದರೂ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಸೀಮೆಎಣ್ಣೆ ಎನ್ನಲು ನಾವು ಯಾರೂ ಅಳುಕುವುದಿಲ್ಲ. ‘ಎಳ್ಳಿಲ್ಲದೆ ಎಣ್ಣೆಯೇ?’ ಎಂದು ಕೇಳುವವರೂ ಇಲ್ಲ.

ಚೀಸಿಲ್ಲದ ಕೆಸಡಿಯಾವನ್ನು ಸಮರ್ಥಿಸಲು ಕೆಲವರು, ಇದು ಮಡಿಚಿದ ರೊಟ್ಟಿ ಎಂಬರ್ಥದ ಪ್ರಾಚೀನ ನಹ್ವಾಟಲ್ ಪದವೆಂದು ಕತೆ ಕಟ್ಟಿ ಹಬ್ಬಿಸಿದ್ದಾರೆ. ಅದು ಸುಳ್ಳು ವ್ಯುತ್ಪತ್ತಿ. ಅದರ ಅಗತ್ಯವೂ ಇಲ್ಲ. ಪದ ಸ್ಪೇನಿನದು, ಹಿಟ್ಟು ನಹ್ವಾಟಲ್ ಆಡುವ ಜನರದು. ಹುಟ್ಟಿನ ಹಕ್ಕಿನಷ್ಟೇ ದುಡಿಮೆಯ ಹಕ್ಕೂ ಪದಗಳ ಮೇಲೆ ಸಲ್ಲುತ್ತದೆ. ನಿತ್ಯ ಹಿಟ್ಟು ನಾದಿ ತಟ್ಟಿದವರು ಈ ಹೆಸರಿಗೆ ಕೊಟ್ಟ ಅರ್ಥವನ್ನು ನಿಘಂಟು ಬರೆದುಕೊಳ್ಳಬೇಕೇ ಹೊರತು ತಿದ್ದಬೇಕಿಲ್ಲ.