ರಕ್ತದೊತ್ತಡ, ಪುರುಷ ಹಾರ್ಮೋನು ಮತ್ತು ಹೃದಯದ ರಕ್ತನಾಳಗಳು

ರಕ್ತ ತಪಾಸಣೆಯಲ್ಲಿ 'ಟೆಸ್ಟೋಸ್ಟೆರಾನ್ ಕಡಿಮೆ' ಎಂದು ಬಂದಿದೆ, ಬಿ.ಪಿ. ಮೊದಲಿನಿಂದಲೂ ಇದೆ, ಹಾರ್ಮೋನಿನ ಇಂಜೆಕ್ಷನ್ ತಗೊಂಡರ ಹಾರ್ಟಿಗೆ ಛಲೋನೋ ಕೆಟ್ಟೋ ಎಂದು ಸೋಲಾಪುರ, ಅಕ್ಕಲಕೋಟ ಭಾಗದ ಹಿರಿಯ ಸದಸ್ಯರು ಕೇಳುತ್ತಿರುತ್ತಾರೆ. ನಾವು ವೈದ್ಯರಲ್ಲ. ಓದಿ ತಿಳಿದದ್ದನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲು ಬಿ.ಪಿ. ವಿಷಯ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪರಿಧಮನಿಗಳ ಅಗಲ ಸುಮಾರು 3ರಿಂದ 4 ಮಿ.ಮೀ. ಮಾತ್ರ. ಇವುಗಳ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಸಡಿಲವಾಗಿಡುತ್ತದೆ. ಒತ್ತಡ 140/90ಕ್ಕಿಂತ ಮೇಲೆಯೇ ವರ್ಷಗಟ್ಟಲೆ ನಿಂತರೆ ಆ ಪದರ ಘಾಸಿಗೊಳ್ಳುತ್ತದೆ, ಕೊಲೆಸ್ಟ್ರಾಲ್ ಒಳಹೊಕ್ಕು ಗೋಡೆಯಲ್ಲಿ ಶೇಖರವಾಗುತ್ತದೆ, ನಾಳ ಗಡುಸಾಗುತ್ತದೆ. ಅತ್ತ ಹೆಚ್ಚಿನ ಒತ್ತಡದ ಎದುರು ದುಡಿದು ಹೃದಯದ ಸ್ನಾಯು ದಪ್ಪವಾಗಿ ಇನ್ನಷ್ಟು ರಕ್ತ ಬೇಡುತ್ತದೆ. ಬೇಡಿಕೆ ಏರಿತು, ದಾರಿ ಕಿರಿದಾಯಿತು. ಆ ಶೇಖರಣೆ ಒಡೆದು ರಕ್ತ ಹೆಪ್ಪುಗಟ್ಟಿದರೆ ಅದೇ ಹೃದಯಾಘಾತ.

ಟೆಸ್ಟೋಸ್ಟೆರಾನ್ ಕಥೆ ಇಷ್ಟು ನೇರವಲ್ಲ. ನಡುವಯಸ್ಸಿನ ನಂತರ ಅದು ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯುತ್ತದೆ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದವರಲ್ಲಿ ಇನ್ನೂ ಬೇಗ. ಬಿ.ಪಿ. ಏರಿಸುವವೂ ಇವೇ. ಹಾಗಾಗಿ ಹಾರ್ಮೋನು ಕಡಿಮೆ ಇರುವವರಲ್ಲಿ ಹೃದ್ರೋಗ ಹೆಚ್ಚು ಕಂಡರೂ ಅದರಿಂದಲೇ ಬಂತೆನ್ನಲು ಆಗದು. ಹಾರ್ಮೋನಿನ ಇಳಿತ ಬಹಳ ಸಲ ಬರೀ ಹೊಗೆ, ಬೆಂಕಿ ಬೇರೆ ಕಡೆ ಇರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹೊರಗಿನಿಂದ ಕೊಟ್ಟರೆ? ಅಮೆರಿಕದಲ್ಲಿ 65 ದಾಟಿದ ಪುರುಷರಿಗೆ ಒಂದು ವರ್ಷ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಸಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪರಿಧಮನಿಗಳಲ್ಲಿ ಮೆತ್ತನೆಯ ಶೇಖರಣೆ ಹೆಚ್ಚಿದ್ದು ಅದರಲ್ಲಿ ಕಂಡಿತು. 2023ರಲ್ಲಿ ಬಂದ 'ಟ್ರಾವರ್ಸ್' ಅಧ್ಯಯನ ದೊಡ್ಡದು: ಹೃದ್ರೋಗ ಇದ್ದ ಅಥವಾ ಅದರ ಅಪಾಯ ಹೆಚ್ಚಿದ್ದ 5,000ಕ್ಕೂ ಮಿಕ್ಕಿ ಪುರುಷರು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಕೂಡಿ ಜೆಲ್ ಹಚ್ಚಿದವರಲ್ಲಿ ಶೇ. 7.0, ಹಚ್ಚದವರಲ್ಲಿ ಶೇ. 7.3. ಅಂದರೆ ಆಘಾತ ಹೆಚ್ಚಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ಹೆಪ್ಪು ತುಸು ಹೆಚ್ಚಾದವು. ಈ ಔಷಧಗಳು ರಕ್ತದೊತ್ತಡ ಏರಿಸಬಹುದೆಂಬ ಎಚ್ಚರಿಕೆ ಎಲ್ಲವುಗಳ ಮೇಲೂ ಇರಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹೇಳಿತು. ಬಿ.ಪಿ. ಹತೋಟಿಗೆ ಬರುವ ಮೊದಲೇ ಇಂಜೆಕ್ಷನ್ನಿಗೆ ಆತುರಪಡುವವರು ಇದನ್ನು ಗಮನಿಸಬೇಕು.

ಒಂದೇ ವರದಿ ನಂಬಬೇಡಿ. ಬೆಳಗಿನ ಹೊತ್ತು, ಬೇರೆ ಬೇರೆ ದಿನ ಎರಡು ಸಲ ಪರೀಕ್ಷೆಯಾಗಬೇಕು.

ಇನ್ನು ಗಂಡಸರು ಬಾಯಿಬಿಡದ ಮಾತು. ಪುರುಷಾಂಗದ ರಕ್ತನಾಳಗಳು 1ರಿಂದ 2 ಮಿ.ಮೀ. ಅಗಲ, ಪರಿಧಮನಿಗಿಂತ ಸಣ್ಣವು. ಹಾನಿ ಅಲ್ಲಿಯೇ ಮೊದಲು ಕಾಣುತ್ತದೆ. ಎದೆನೋವಿಗಿಂತ ಕೆಲವು ವರ್ಷ ಮುಂಚೆಯೇ ನಿಮಿರುವಿಕೆಯ ದೌರ್ಬಲ್ಯ ಬರಬಹುದು. ಇದನ್ನು ಡಾಕ್ಟರಿಗೆ ಹೇಳದೆ ಬಸ್ ನಿಲ್ದಾಣದ ಗೋಡೆಯ ಜಾಹೀರಾತು ನೋಡಿ ಹೋಗುವವರುಂಟು. ಕೆಲವರು ಬಿ.ಪಿ. ಗುಳಿಗೆಯಿಂದಲೇ ಹೀಗಾಯಿತೆಂದು ತಾವೇ ಅದನ್ನು ಬಿಟ್ಟುಬಿಡುತ್ತಾರೆ. ಕೆಲವು ಗುಳಿಗೆಗಳಿಂದ ಹಾಗಾಗುವುದು ನಿಜವೇ, ಆದರೆ ಬದಲಿಸಿ ಕೊಡಲು ಬೇರೆ ಗುಳಿಗೆಗಳಿವೆ, ಕೇಳಬೇಕಷ್ಟೆ. ಸೋಲಾಪುರದಲ್ಲಿ ಕನ್ನಡ ಬಲ್ಲ ಡಾಕ್ಟರುಗಳಿಗೆ ಬರವಿಲ್ಲ.

ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಗುಳಿಗೆ ಬಳಸುವವರು ಸಿಲ್ಡೆನಾಫಿಲ್ ಜಾತಿಯ ಗುಳಿಗೆ ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಕ್ಕೇ ಕುತ್ತು.